ಆಲಿಕಲ್ಲು ಕರಗಿದ ಮೇಲೆ ಬಟ್ಟಲ ತಳದಲ್ಲಿ ಮಣ್ಣು. ಧೂಳಿಲ್ಲದೆ ಮೋಡದಲ್ಲಿ ಮಂಜುಗಡ್ಡೆ ಆಗುವುದಿಲ್ಲವಾ?

ದ್ರಾಕ್ಷಿತೋಟ | ವಿಜಯಪುರ ಜಿಲ್ಲೆ
ಮೊನ್ನೆ ಸಂಜೆ ನಮ್ಮ ಕಡೆ ಆಲಿಕಲ್ಲು ಬಿತ್ತು. ಮೊದಲು ಹತ್ತು ನಿಮಿಷ ಕಣ್ಣು ಬಿಡಲಾಗದಷ್ಟು ಧೂಳಿನ ಗಾಳಿ. ಆಮೇಲೆ ಗುಡುಗು. ಆಮೇಲೆ ಗೋಲಿ ಗಾತ್ರದ ಕಲ್ಲು, ತಗಡಿನ ಮೇಲೆ ಮಾತು ಕೇಳಿಸದಷ್ಟು ಸದ್ದು. ಮಗಳು ಸ್ಟೀಲ್ ಬಟ್ಟಲಲ್ಲಿ ಒಂದಿಷ್ಟು ಹಿಡಿದಿಟ್ಟಳು. ಕರಗಿದ ಮೇಲೆ ನೋಡಿದರೆ ತಳದಲ್ಲಿ ಕಂದು ಬಣ್ಣದ ಕೆಸರು. ನಮ್ಮಪ್ಪ ನೋಡಿ, "ಮಣ್ಣಿನ ಕಣ ಇಲ್ಲದೆ ಆಲಿಕಲ್ಲು ಹುಟ್ಟೋದಿಲ್ಲ, ನಮ್ಮ ಹಿರಿಯರೂ ಹಾಗೇ ಹೇಳತಿದ್ದರು" ಅಂದರು. ಮಗಳು ಒಪ್ಪಲಿಲ್ಲ. ನೀರು ಸೊನ್ನೆ ಡಿಗ್ರಿಗೆ ಗಟ್ಟಿಯಾಗುತ್ತದೆ ಅಂತ ಪುಸ್ತಕದಲ್ಲಿದೆ, ಮಣ್ಣು ಯಾಕೆ ಬೇಕು ಅಂತ ಅವಳ ವಾದ.

ನನಗೆ ಇಬ್ಬರಿಗೂ ಉತ್ತರ ಕೊಡಲು ಆಗಲಿಲ್ಲ. ಗೊತ್ತಿರುವವರು ಹೇಳಿ. ಇನ್ನೊಂದು ಪ್ರಶ್ನೆ: ಧೂಳು ಜಾಸ್ತಿ ಇದ್ದ ವರ್ಷ ಆಲಿಕಲ್ಲೂ ಜಾಸ್ತಿನಾ?

ಸಂಜೆಚಹಾ
ಮೊದಲು ತೋಟ ಹೇಗಿದೆ ಹೇಳಿ.

ದ್ರಾಕ್ಷಿತೋಟ
ಎಲೆ ಹರಿದಿದೆ, ಹಣ್ಣು ಮೊದಲೇ ಕಿತ್ತಾಗಿತ್ತು. ಪಕ್ಕದ ಊರಿನವರದು ಪೂರ್ತಿ ಹೋಯಿತು.

ಹೈಸ್ಕೂಲ್ ಮೇಷ್ಟ್ರು
ನಿಮ್ಮ ಮಗಳು ಹೇಳಿದ್ದೇ ಸರಿ. ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಅದಕ್ಕೆ ಬೇರೆ ಯಾವುದರ ಸಹಾಯವೂ ಬೇಡ. ತಳದ ಕೆಸರು ಕಲ್ಲು ಕೆಳಗೆ ಬೀಳುವಾಗ ದಾರಿಯಲ್ಲಿ ಅಂಟಿಕೊಂಡ ಧೂಳು. ಇಪ್ಪತ್ತೆರಡು ವರ್ಷದಿಂದ ಇದನ್ನೇ ಪಾಠ ಮಾಡಿದ್ದೇನೆ.

ಮುಗಿಲುನೋಡಿ
ಮೇಷ್ಟ್ರೇ, ಅರ್ಧ ಸರಿ, ಅರ್ಧ ತಪ್ಪು. ಸೊನ್ನೆ ಡಿಗ್ರಿ ಅನ್ನುವುದು ಮಂಜುಗಡ್ಡೆ ಕರಗುವ ಅಂಕಿ. ಆ ಅಂಕಿ ಗಟ್ಟಿ. ಆದರೆ ನೀರು ಅಲ್ಲೇ ಹೆಪ್ಪುಗಟ್ಟಲೇಬೇಕು ಅಂತ ಏನೂ ಇಲ್ಲ. ಮೋಡದ ಹನಿ ತೀರಾ ಸಣ್ಣದು, ಕೂದಲ ದಪ್ಪಕ್ಕಿಂತ ಕಡಿಮೆ. ಅದರೊಳಗೆ ಬೇರೆ ಏನೂ ಇಲ್ಲದಿದ್ದರೆ ಸುಮಾರು ಮೈನಸ್ 38 ಡಿಗ್ರಿವರೆಗೂ ನೀರಾಗಿಯೇ ಇರುತ್ತದೆ. ಮೂವತ್ತೆಂಟು! ಅಲ್ಲಿಗೆ ಹೋದ ಮೇಲೆ ಮಾತ್ರ ತಾನಾಗಿಯೇ ಗಟ್ಟಿಯಾಗುತ್ತದೆ.

ಕಾರಣ ಹೀಗೆ. ಮಂಜುಗಡ್ಡೆ ಅಂದರೆ ನೀರಿನ ಅಣುಗಳು ಸಾಲು ಹಿಡಿದು ನಿಲ್ಲುವುದು. ಹನಿಯೊಳಗೆ ಅಣುಗಳು ಸದಾ ಓಡಾಡುತ್ತಾ ಇರುತ್ತವೆ, ಆಗಾಗ ಹತ್ತಾರು ಸೇರಿ ಸಾಲು ಕಟ್ಟುತ್ತವೆ, ತಕ್ಷಣ ಚೆದುರಿಹೋಗುತ್ತವೆ. ಗುಂಪು ಸಣ್ಣದಿದ್ದಾಗ ಅದರ ಹೊರಮೈಯೇ ಜಾಸ್ತಿ, ಆ ಹೊರಮೈಯನ್ನು ಉಳಿಸಿಕೊಳ್ಳಲು ಶಕ್ತಿ ಬೇಕು, ಒಳಗಿನ ಲಾಭ ಅದಕ್ಕೆ ಸಾಲುವುದಿಲ್ಲ. ಗುಂಪು ಒಂದು ಗಾತ್ರ ದಾಟಿದರೆ ಮಾತ್ರ ಬೆಳೆಯುತ್ತಾ ಹೋಗುತ್ತದೆ. ಆ ಗಾತ್ರ ಕೆಲವೇ ನ್ಯಾನೊಮೀಟರ್. ಚಳಿ ಹೆಚ್ಚಿದಷ್ಟೂ ಆ ಗಾತ್ರ ಸಣ್ಣದಾಗುತ್ತಾ ಬರುತ್ತದೆ, ಹಾಗಾಗಿ ದಾಟುವುದು ಸುಲಭ.

ಧೂಳಿನ ಕಣ ಇಲ್ಲಿ ಬರುತ್ತದೆ. ಗುಂಪು ಬಯಲಲ್ಲಿ ನಿಲ್ಲುವ ಬದಲು ಕಣದ ಮೈಗೆ ಒರಗಿ ನಿಂತರೆ ಹೊರಮೈ ಕಡಿಮೆ, ಖರ್ಚು ಕಡಿಮೆ. ಹಾಗಾಗಿ ಮೈನಸ್ 38 ತನಕ ಕಾಯಬೇಕಿಲ್ಲ. ಮೈನಸ್ 15, ಮೈನಸ್ 20ರಲ್ಲೇ ಕೆಲಸ ಆಗುತ್ತದೆ. ನಿಮ್ಮ ತಂದೆಯವರ ಮಾತಲ್ಲಿ ತಿರುಳು ಇದೆ.

ಹೈಸ್ಕೂಲ್ ಮೇಷ್ಟ್ರು
ಫ್ರೀಜರ್‌ನಲ್ಲಿ ಐಸ್ ಟ್ರೇ ಇಟ್ಟರೆ ಆಗುತ್ತದಲ್ಲ? ಅದಕ್ಕೆ ಯಾರು ಧೂಳು ಹಾಕಿದರು?

ಮುಗಿಲುನೋಡಿ
ನಲ್ಲಿ ನೀರಲ್ಲಿ ಬೇಕಾದಷ್ಟು ಕಣ ಇರುತ್ತದೆ. ಟ್ರೇಯ ಗೋಡೆಯೂ ಇದೆ. ಅಷ್ಟು ದೊಡ್ಡ ನೀರಿನಲ್ಲಿ ಒಂದೇ ಒಂದು ಒಳ್ಳೆಯ ಕಣ ಸಿಕ್ಕರೂ ಪೂರ್ತಿ ಟ್ರೇ ಹೆಪ್ಪುಗಟ್ಟುತ್ತದೆ. ಮೋಡದಲ್ಲಿ ಹಾಗಲ್ಲ. ಅಲ್ಲಿ ಅದೇ ನೀರು ಕೋಟಿಗಟ್ಟಲೆ ಹನಿಯಾಗಿ ಹರಡಿರುತ್ತದೆ, ಒಂದು ಹನಿ ಹೆಪ್ಪುಗಟ್ಟಿದರೆ ಪಕ್ಕದ್ದಕ್ಕೆ ತಾಗುವುದಿಲ್ಲ. ಪ್ರತಿ ಹನಿಗೂ ಅದರದೇ ಕಣ ಬೇಕು.

ಪ್ಯಾಕ್ ಮಾಡಿದ ನೀರಿನ ಬಾಟಲಿಯನ್ನು ಅಲ್ಲಾಡಿಸದೆ ಎರಡು ಗಂಟೆ ಫ್ರೀಜರ್‌ನಲ್ಲಿ ಇಟ್ಟು ನೋಡಿ. ಕೆಲವೊಮ್ಮೆ ನೀರಾಗಿಯೇ ಇರುತ್ತದೆ. ಹೊರಗೆ ತೆಗೆದು ಮೇಜಿಗೆ ಕುಟ್ಟಿದರೆ ಕಣ್ಣೆದುರೇ ಮೇಲಿಂದ ಕೆಳಗೆ ಬೆಳ್ಳಗಾಗುತ್ತಾ ಹೋಗುತ್ತದೆ.

ಬಿಸಿಲುನಾಡು
ಅದು ನಿಜ, ನಮ್ಮ ಮನೆಯಲ್ಲಿ ಆಗಿದೆ. ದೆವ್ವ ಅಂದುಕೊಂಡು ಅತ್ತಿಗೆ ಬಾಟಲಿ ಎಸೆದುಬಿಟ್ಟರು.

ರೆಕ್ಕೆ
ವಿಮಾನದ ಕೆಲಸದಲ್ಲಿ ಇರುವವರಿಗೆ ಇದು ದಿನದ ಮಾತು. ಸೊನ್ನೆಗಿಂತ ಕೆಳಗಿದ್ದೂ ನೀರಾಗಿಯೇ ಇರುವ ಹನಿಗಳ ಮೋಡದೊಳಗೆ ವಿಮಾನ ನುಗ್ಗಿದರೆ ಹನಿ ರೆಕ್ಕೆಗೆ ಬಡಿದ ಕ್ಷಣ ಗಟ್ಟಿಯಾಗಿ ಅಂಟುತ್ತದೆ. ರೆಕ್ಕೆಯ ಆಕಾರ ಕೆಡುತ್ತದೆ, ಎತ್ತುವ ಬಲ ಕಡಿಮೆಯಾಗುತ್ತದೆ. ಅದಕ್ಕೇ ಬಹಳಷ್ಟು ದೊಡ್ಡ ವಿಮಾನಗಳಲ್ಲಿ ರೆಕ್ಕೆಯ ಮುಂದಿನ ಅಂಚಿಗೆ ಎಂಜಿನ್‌ನಿಂದ ಬಿಸಿ ಗಾಳಿ ಹಾಯಿಸುತ್ತಾರೆ. ಮೇಷ್ಟ್ರು ಹೇಳಿದಂತೆ ಎಲ್ಲ ನೀರೂ ಸೊನ್ನೆಗೇ ಗಟ್ಟಿಯಾಗುವಂತಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

ಹೈಸ್ಕೂಲ್ ಮೇಷ್ಟ್ರು
ಸರಿ, ಒಪ್ಪಿದೆ. ನಾಳೆ ಒಂಬತ್ತನೇ ತರಗತಿಯಲ್ಲಿ ಇದನ್ನು ತಿದ್ದಿ ಹೇಳುತ್ತೇನೆ. ಆದರೆ ಕೆಸರಿನ ವಿಷಯದಲ್ಲಿ ನನ್ನ ಮಾತು ಬಿಡುವುದಿಲ್ಲ.

ಲ್ಯಾಬ್‌ಹುಡುಗಿ | ಕಾರ್ಲ್ಸ್‌ರೂಹೆ, ಜರ್ಮನಿ
ಮೇಷ್ಟ್ರ ಪರವಾಗಿ ನಾನಿದ್ದೇನೆ. ಬಟ್ಟಲಲ್ಲಿ ಕಣ್ಣಿಗೆ ಕಂಡ ಕೆಸರು ಮಂಜುಗಡ್ಡೆ ಶುರು ಮಾಡಿದ ಧೂಳಲ್ಲ. ಶುರು ಮಾಡುವ ಕಣ ಸಾಮಾನ್ಯವಾಗಿ ಒಂದೆರಡು ಮೈಕ್ರಾನ್, ಕಣ್ಣಿಗೆ ಕಾಣುವುದೇ ಇಲ್ಲ. ಆಲಿಕಲ್ಲು ಮೋಡದೊಳಗೆ ಮೇಲೇರುವ ಗಾಳಿಯಲ್ಲಿ ತೇಲುತ್ತಾ ಕೋಟಿಗಟ್ಟಲೆ ಹನಿಗಳನ್ನು ನುಂಗುತ್ತದೆ. ಪ್ರತಿ ಹನಿಯಲ್ಲೂ ಏನೋ ಒಂದು ಕಣ. ಜೊತೆಗೆ ಗಾಳಿಯಲ್ಲಿದ್ದ ಧೂಳು. ಅದೆಲ್ಲ ಸೇರಿ ಕೆಸರು.

ಈಗ ಧೂಳಿನ ಕಥೆಗೆ ಬರೋಣ, ನನಗೆ ಅದೇ ಇಷ್ಟದ ಭಾಗ. ಎಲ್ಲ ಧೂಳೂ ಒಂದೇ ಅಲ್ಲ. ಮರುಭೂಮಿಯಿಂದ ಹಾರುವ ಧೂಳಿನಲ್ಲಿ ಜೇಡಿ, ಕ್ವಾರ್ಟ್ಜ್, ಸುಣ್ಣದ ಕಲ್ಲಿನ ಪುಡಿ, ಫೆಲ್ಡ್‌ಸ್ಪಾರ್ ಅನ್ನುವ ಖನಿಜ ಎಲ್ಲ ಇರುತ್ತದೆ. ದೂರ ಹೋಗುವ ಧೂಳಿನಲ್ಲಿ ಜೇಡಿಯ ಪಾಲೇ ಜಾಸ್ತಿ. ಹಾಗಾಗಿ ಬಹಳ ವರ್ಷ ಎಲ್ಲರೂ ಜೇಡಿಯ ಹಿಂದೆಯೇ ಬಿದ್ದಿದ್ದರು. 2013ರಲ್ಲಿ ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದ ತಂಡ ಒಂದೊಂದೇ ಖನಿಜವನ್ನು ಬೇರೆ ಮಾಡಿ ಹನಿಯೊಳಗೆ ಹಾಕಿ ತಣ್ಣಗೆ ಮಾಡಿ ನೋಡಿತು. ಜೇಡಿ ಹಿಂದೆ ಬಿತ್ತು. ಗೆದ್ದದ್ದು ಪೊಟ್ಯಾಶಿಯಂ ಇರುವ ಫೆಲ್ಡ್‌ಸ್ಪಾರ್. ಧೂಳಿನಲ್ಲಿ ಅದರ ಪಾಲು ಕಡಿಮೆ, ಆದರೆ ಕೆಲಸದ ಬಹುಪಾಲು ಅದರದ್ದೇ.

ಆಮೇಲೆ 2017ರಲ್ಲಿ ನಮ್ಮ ಊರಿನ ಸಂಸ್ಥೆಯವರು ಫೆಲ್ಡ್‌ಸ್ಪಾರ್ ಹರಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕೆಳಗಿಟ್ಟು ಅದರ ಮೇಲೆ ಮಂಜುಗಡ್ಡೆ ಬೆಳೆಯುವುದನ್ನು ಕಣ್ಣಾರೆ ನೋಡಿದರು. ಹರಳಿನ ಮೈಯ ಎಲ್ಲ ಕಡೆ ಬೆಳೆಯಲಿಲ್ಲ. ಬಿರುಕು, ಮೆಟ್ಟಿಲು, ಸಣ್ಣ ಗುಳಿ ಇರುವಲ್ಲಿ ಮಾತ್ರ ಬೆಳೆಯಿತು. ಅದಕ್ಕಿಂತ ಚೆಂದ ಏನೆಂದರೆ, ಬೆಳೆದ ಮಂಜಿನ ಹರಳುಗಳೆಲ್ಲ ಒಂದೇ ದಿಕ್ಕಿಗೆ ಮುಖ ಮಾಡಿದ್ದವು. ಅಂದರೆ ಆ ಬಿರುಕಿನೊಳಗೆ ಹೊರಗೆ ಕಾಣದ ಒಂದು ಮುಖ ತೆರೆದುಕೊಂಡಿರುತ್ತದೆ, ಆ ಮುಖವೇ ನೀರಿನ ಅಣುಗಳನ್ನು ಸಾಲಾಗಿ ನಿಲ್ಲಿಸುತ್ತದೆ. ಕಲ್ಲು ಒಡೆದು ಗಾಯವಾದ ಜಾಗವೇ ಮಂಜಿಗೆ ತೊಟ್ಟಿಲು. ಆ ಚಿತ್ರ ಮೊದಲ ಸಲ ನೋಡಿದಾಗ ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಕಲ್ಲುಬಂಡೆ
ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್ ಅಂದರೆ ದೂರದ ವಸ್ತು ಅಂದುಕೊಳ್ಳಬೇಡಿ. ರಾಮನಗರದ ಬಂಡೆಗಳನ್ನು ನೋಡಿದ್ದೀರಲ್ಲ? ಅದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಅಂತ ಹೆಸರು, ರಾಮನಗರದ ಹಳೆಯ ಹೆಸರಿನಿಂದ ಬಂದದ್ದು. ಸುಮಾರು 250 ಕೋಟಿ ವರ್ಷ ಹಳೆಯದು. ಅದರಲ್ಲಿ ಹೆಬ್ಬೆರಳಷ್ಟು ಉದ್ದದ ಗುಲಾಬಿ ಹರಳು ಕಾಣುತ್ತವೆ. ಅದೇ ಪೊಟ್ಯಾಶಿಯಂ ಫೆಲ್ಡ್‌ಸ್ಪಾರ್. ಇಳಕಲ್ಲಿನ ಕೆಂಪು ಗ್ರಾನೈಟ್‌ನ ಬಣ್ಣವೂ ಅದರಿಂದಲೇ. ನಿಮ್ಮ ಅಡುಗೆಮನೆ ಕಟ್ಟೆ ಗುಲಾಬಿ ಬಣ್ಣದ್ದಾಗಿದ್ದರೆ ದಿನಾ ಅದರ ಮೇಲೆ ಚಪಾತಿ ಲಟ್ಟಿಸುತ್ತಿದ್ದೀರಿ.

ಸಂಜೆಚಹಾ
ನಮ್ಮದು ಕಪ್ಪು.

ಕಲ್ಲುಬಂಡೆ
ಕಪ್ಪಿನದರಲ್ಲಿ ಬೇರೆ ಜಾತಿಯ ಫೆಲ್ಡ್‌ಸ್ಪಾರ್. ಕ್ಯಾಲ್ಶಿಯಂ, ಸೋಡಿಯಂ ಇರುವಂಥದ್ದು. ಮಂಜಿನ ಕೆಲಸದಲ್ಲಿ ಅದು ಅಷ್ಟು ಚುರುಕಲ್ಲ.

ಮಲೆನಾಡ ಮಳೆ
ಧೂಳು ಧೂಳು ಅಂತ ಎಲ್ಲರೂ ಹೇಳುತ್ತಿದ್ದೀರಿ. ಬ್ಯಾಕ್ಟೀರಿಯಾ ಮರೆತಿರಾ? ಸ್ಯೂಡೊಮೊನಾಸ್ ಸಿರಿಂಗೆ ಅಂತ ಗಿಡದ ಎಲೆ ಮೇಲೆ ಇರುವಂಥದ್ದು, ಮೈನಸ್ 2 ಡಿಗ್ರಿಯಲ್ಲೇ ನೀರನ್ನು ಹೆಪ್ಪುಗಟ್ಟಿಸುತ್ತದೆ. ತನ್ನ ಮೈಮೇಲಿನ ಪ್ರೋಟೀನ್‌ನಿಂದ. ಸ್ಕೀ ಆಡುವ ಬೆಟ್ಟಗಳಲ್ಲಿ ಹಿಮ ಮಾಡುವ ಯಂತ್ರಕ್ಕೆ ಇದನ್ನೇ ಒಣಗಿಸಿ ಸ್ನೋಮ್ಯಾಕ್ಸ್ ಅಂತ ಮಾರುತ್ತಾರೆ. ಫೆಲ್ಡ್‌ಸ್ಪಾರ್ ಇದರ ಮುಂದೆ ಏನೂ ಅಲ್ಲ.

ಲ್ಯಾಬ್‌ಹುಡುಗಿ
ಒಂದೊಂದಾಗಿ ಹೋಲಿಸಿದರೆ ಬ್ಯಾಕ್ಟೀರಿಯಾ ಗೆಲ್ಲುತ್ತದೆ, ಒಪ್ಪುತ್ತೇನೆ. ಆದರೆ ಗಾಳಿಯಲ್ಲಿ ಎಷ್ಟಿದೆ ಅನ್ನುವುದೂ ಮುಖ್ಯ ಅಲ್ವಾ? ಭೂಮಿಯಿಂದ ವರ್ಷಕ್ಕೆ 100 ಕೋಟಿ ಟನ್‌ಗೂ ಜಾಸ್ತಿ ಧೂಳು ಮೇಲೇಳುತ್ತದೆ. ಸುಮಾರು ಅರ್ಧ ಸಹಾರಾದ್ದು. ಮೈನಸ್ 15ಕ್ಕಿಂತ ಕೆಳಗೆ ಧೂಳಿನದೇ ರಾಜ್ಯ. ಅದಕ್ಕಿಂತ ಬೆಚ್ಚಗಿರುವ ಮೋಡದಲ್ಲಿ ನಿಮ್ಮ ಬ್ಯಾಕ್ಟೀರಿಯಾಗೆ ಜಾಗ ಉಂಟು. ಇನ್ನೊಂದು ಮಾತು, ಹೊಲದ ಮಣ್ಣಿನ ಧೂಳಿಗೆ ಗೊಬ್ಬರ, ಕೊಳೆತ ಎಲೆ, ಸೂಕ್ಷ್ಮಜೀವಿ ಎಲ್ಲ ಅಂಟಿರುತ್ತದೆ. ಹಾಗಾಗಿ ಬರೀ ಮರುಭೂಮಿ ಧೂಳಿಗಿಂತ ಅದು ಬೇಗ ಹೆಪ್ಪುಗಟ್ಟಿಸಬಲ್ಲದು.

ಹೈಸ್ಕೂಲ್ ಮೇಷ್ಟ್ರು
ಪ್ರತಿ ಹನಿಗೂ ಕಣ ಬೇಕು ಅಂದಿರಿ. ಅಷ್ಟು ಕಣ ಇದ್ದರೆ ಎಲ್ಲ ಮೋಡವೂ ಮಂಜುಗಡ್ಡೆಯೇ ಆಗಬೇಕಿತ್ತಲ್ಲ?

ಮುಗಿಲುನೋಡಿ
ಒಳ್ಳೆಯ ಪ್ರಶ್ನೆ. ಅಷ್ಟು ಇಲ್ಲ, ಅದೇ ಇಡೀ ವಿಷಯದ ಗುಟ್ಟು. ಒಂದು ಲೀಟರ್ ಮೋಡದಲ್ಲಿ ಒಂದು ಲಕ್ಷಕ್ಕೂ ಜಾಸ್ತಿ ನೀರಿನ ಹನಿ. ಮೈನಸ್ 20 ಡಿಗ್ರಿಯಲ್ಲಿ ಮಂಜುಗಡ್ಡೆ ಶುರು ಮಾಡಬಲ್ಲ ಕಣ ಆ ಲೀಟರ್‌ನಲ್ಲಿ ಹೆಚ್ಚುಕಡಿಮೆ ಒಂದು. ಧೂಳು ಕವಿದ ದಿನ ಅದಕ್ಕಿಂತ ಬಹಳ ಜಾಸ್ತಿ, ಸಮುದ್ರದ ಮೇಲೆ ಅದಕ್ಕಿಂತ ಕಡಿಮೆ.

ಆದರೆ ಲಕ್ಷದಲ್ಲಿ ಒಂದು ಸಾಕು. ಯಾಕೆ ಅಂತ ಸ್ವೀಡನ್ನಿನ ಟೋರ್ ಬೆರ್ಯೆರಾನ್ ಕಂಡುಕೊಂಡ ರೀತಿ ಕೇಳಿ. 1922ರ ಚಳಿಗಾಲದಲ್ಲಿ ಆತ ನಾರ್ವೆಯ ಓಸ್ಲೊ ಪಕ್ಕದ ಬೆಟ್ಟದಲ್ಲಿ ತಂಗಿದ್ದ. ಕಾಡಿನ ದಾರಿಯಲ್ಲಿ ಅಡ್ಡಾಡುವಾಗ ಮಂಜು, ಅಂದರೆ ನೆಲದ ಹತ್ತಿರದ ಮೋಡ, ಮುಸುಕಿರುತ್ತಿತ್ತು. ಸೊನ್ನೆಗಿಂತ ಬೆಚ್ಚಗಿದ್ದ ದಿನ ಮಂಜು ನೆಲದವರೆಗೂ ಇಳಿಯುತ್ತಿತ್ತು. ಮೈನಸ್ 5, ಮೈನಸ್ 10 ಆದ ದಿನ ಮರಗಳ ಮೇಲೆ ಬಿಳಿ ಹಿಮ ಕೂತಿರುತ್ತಿತ್ತು, ದಾರಿಯಲ್ಲಿ ಮಾತ್ರ ಮಂಜು ಇರುತ್ತಿರಲಿಲ್ಲ. ಅಂದರೆ ಮರದ ಮೇಲಿನ ಹಿಮ ಗಾಳಿಯ ತೇವವನ್ನು ಎಳೆದುಕೊಳ್ಳುತ್ತಿತ್ತು, ಹನಿಗಳು ಆವಿಯಾಗಿ ಮಾಯವಾಗುತ್ತಿದ್ದವು. ಮೋಡದಲ್ಲೂ ಇದೇ ನಡೆಯುತ್ತದೆ. ನೀರಿನ ಹನಿಗಿಂತ ಮಂಜುಗಡ್ಡೆಗೆ ಕಡಿಮೆ ಆವಿಯೇ ಸಾಕು. ಹಾಗಾಗಿ ಒಂದು ಮಂಜುಗಡ್ಡೆಯ ಕಣ ಹುಟ್ಟಿದರೆ ಸುತ್ತಲಿನ ಸಾವಿರಾರು ಹನಿಗಳ ನೀರನ್ನೆಲ್ಲ ತಾನೇ ತೆಗೆದುಕೊಂಡು ದಪ್ಪ ಆಗುತ್ತದೆ, ಭಾರವಾಗಿ ಬೀಳುತ್ತದೆ. ಜರ್ಮನಿಯ ಆಲ್ಫ್ರೆಡ್ ವೆಗೆನರ್ ಇದನ್ನು 1911ರಲ್ಲೇ ಸೂಚಿಸಿದ್ದ. ಖಂಡಗಳು ತೇಲುತ್ತವೆ ಅಂದವನೂ ಅವನೇ.

ಮಲೆನಾಡ ಮಳೆ
ಎಲ್ಲ ಮಳೆಯೂ ಹೀಗೆ ಅನ್ನಬೇಡಿ. ಆಗುಂಬೆಯಲ್ಲಿ ಮುಂಗಾರು ಸುರಿಯುವಾಗ ಬಹಳಷ್ಟು ಮೋಡ ಗಿಡ್ಡ. ಸೊನ್ನೆ ಡಿಗ್ರಿ ಗೆರೆ ಇರುವುದು ಸುಮಾರು 5 ಕಿಲೋಮೀಟರ್ ಮೇಲೆ, ಅಲ್ಲಿಗೆ ತಲುಪದ ಮೋಡವೇ ಧಾರಾಕಾರ ಸುರಿಯುತ್ತದೆ. ಹನಿಗೆ ಹನಿ ಡಿಕ್ಕಿ ಹೊಡೆದು ದಪ್ಪ ಆಗಿ ಬೀಳುವ ಮಳೆ. ಅದರಲ್ಲಿ ಮಂಜುಗಡ್ಡೆಗೆ ಕೆಲಸವೇ ಇಲ್ಲ.

ಮುಗಿಲುನೋಡಿ
ಸರಿಯಾದ ಮಾತು. ಬಯಲುಸೀಮೆಯ ಏಪ್ರಿಲ್–ಮೇ ಗುಡುಗು ಮಳೆ ಬೇರೆ ಜಾತಿ. ಅದರ ಮೋಡ 12, 15 ಕಿಲೋಮೀಟರ್ ಎತ್ತರ ಏರುತ್ತದೆ.

ಬಿಸಿಲುನಾಡು
ಹಾಗಾದರೆ ಸರ್ಕಾರ ಮೋಡ ಬಿತ್ತನೆ ಮಾಡುವಾಗ ಬೆಳ್ಳಿ ಯಾಕೆ ಹಾಕುತ್ತಾರೆ? ರಾಮನಗರದ ಕಲ್ಲು ಪುಡಿ ಮಾಡಿ ಹಾಕಿದರೆ ಸಾಲದಾ? 2003ರಲ್ಲಿ ವರುಣ, 2017ರಲ್ಲಿ ವರ್ಷಧಾರೆ, ಎರಡರಲ್ಲೂ ದುಡ್ಡು ಸುರಿದರು. ನಮ್ಮ ಕಡೆ ಕೆರೆ ತುಂಬಲಿಲ್ಲ.

ಲ್ಯಾಬ್‌ಹುಡುಗಿ
ಬರೀ ಬೆಳ್ಳಿಯಲ್ಲ, ಸಿಲ್ವರ್ ಅಯೋಡೈಡ್. ಬರ್ನಾರ್ಡ್ ವಾನೆಗಟ್ ಅಂತ ಅಮೆರಿಕದ ವಿಜ್ಞಾನಿ 1946ರಲ್ಲಿ ಇದನ್ನು ಕಂಡುಹಿಡಿದ. ಅಣು ಜೋಡಣೆ ಮಂಜುಗಡ್ಡೆಯದಕ್ಕೆ ತೀರಾ ಹತ್ತಿರ ಇರುವ ವಸ್ತು ಯಾವುದು ಅಂತ ಪಟ್ಟಿ ಹುಡುಕಿ ಆರಿಸಿದ. ಮೈನಸ್ 5ರ ಸುಮಾರಿಗೇ ಕೆಲಸ ಶುರು ಮಾಡುತ್ತದೆ. ಫೆಲ್ಡ್‌ಸ್ಪಾರ್‌ಗೆ ಮೋಡದಲ್ಲಿ ಅದಕ್ಕಿಂತ ಚಳಿ ಬೇಕು. ಇನ್ನೊಂದು ಅನುಕೂಲ, ಸುಟ್ಟರೆ ಹೊಗೆಯಾಗಿ ಒಂದೇ ಗ್ರಾಮಿನಿಂದ ಲೆಕ್ಕವಿಲ್ಲದಷ್ಟು ಕಣ ಬರುತ್ತದೆ. ಕಲ್ಲನ್ನು ಅಷ್ಟು ನುಣ್ಣಗೆ ಅರೆಯುವುದು ಕಷ್ಟ.

ಮುಗಿಲುನೋಡಿ
ಬಿಸಿಲುನಾಡು ಅವರೇ, ಬಿತ್ತನೆ ಮೋಡವನ್ನು ಹುಟ್ಟಿಸುವುದಿಲ್ಲ. ನೀರಿರುವ ಮೋಡ, ಅದೂ ಸೊನ್ನೆ ಡಿಗ್ರಿ ಗೆರೆಗಿಂತ ಎತ್ತರಕ್ಕೆ ಏರಿ ಹೆಪ್ಪುಗಟ್ಟದೆ ಉಳಿದ ನೀರು ಇರುವ ಮೋಡ ಇದ್ದರೆ ಮಾತ್ರ ಸಿಲ್ವರ್ ಅಯೋಡೈಡ್‌ಗೆ ಕೆಲಸ. ಬರಗಾಲದಲ್ಲಿ ಅಂಥ ಮೋಡವೇ ಕಡಿಮೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು ಸೊಲ್ಲಾಪುರದಲ್ಲಿ 2018, 2019ರಲ್ಲಿ ಪ್ರಯೋಗ ಮಾಡಿದಾಗ ಬಳಸಿದ್ದು ಉಪ್ಪಿನ ಜಾತಿಯ ಕಣ, ಅದು ಬೆಚ್ಚಗಿನ ಮೋಡದ ಹನಿಯನ್ನು ದಪ್ಪ ಮಾಡಲು. ಎರಡೂ ಬೇರೆ ಬೇರೆ ವಿದ್ಯೆ. ಪತ್ರಿಕೆಗಳಲ್ಲಿ ಎರಡನ್ನೂ ಕಲಸಿ ಬರೆಯುತ್ತಾರೆ, ನನಗೆ ಅದೇ ಬೇಜಾರು.

ಬಿಸಿಲುನಾಡು
ವಿದ್ಯೆ ಯಾವುದಾದರೂ ಇರಲಿ. ಆ ದುಡ್ಡಲ್ಲಿ ಕೆರೆ ಹೂಳು ತೆಗೆಯಬಹುದಿತ್ತು ಅನ್ನುವುದು ನನ್ನ ಮಾತು. ಅದನ್ನು ಬದಲಿಸುವುದಿಲ್ಲ.

ಸಂಜೆಚಹಾ
ಇದನ್ನು ಬೇರೆ ಕಡೆ ಜಗಳ ಆಡೋಣ. ಆಲಿಕಲ್ಲಿಗೆ ನಮ್ಮ ಮೈಸೂರು ಕಡೆ ಆನೆಕಲ್ಲು ಅಂತಾರೆ. ಚಿಕ್ಕವನಿದ್ದಾಗ ಆನೆ ಗಾತ್ರ ಅಂದುಕೊಂಡಿದ್ದೆ.

ದ್ರಾಕ್ಷಿತೋಟ
ನಮ್ಮಲ್ಲಿ ಆಣಿಕಲ್ಲು ಅಂತಲೂ ಹೇಳತಾರ.

ನನ್ನ ಎರಡನೇ ಪ್ರಶ್ನೆ ಹಾಗೇ ಉಳಿಯಿತು. ಧೂಳು ಗಾಳಿ ಬಂದ ಹತ್ತೇ ನಿಮಿಷಕ್ಕೆ ಕಲ್ಲು ಬಿತ್ತು. ಆ ಧೂಳೇ ಕಾರಣ ಅಲ್ಲವಾ?

ಮುಗಿಲುನೋಡಿ
ಇಲ್ಲ, ಇಲ್ಲಿ ಕಾರಣ ತಿರುಗುಮುರುಗು. ಆ ಗಾಳಿ ಬಂದದ್ದೇ ಮೋಡದಿಂದ. ಮೋಡದೊಳಗೆ ಮಳೆ, ಕಲ್ಲು ಬೀಳಲು ಶುರುವಾದಾಗ ತಣ್ಣನೆ ಗಾಳಿ ಕೆಳಗೆ ನುಗ್ಗುತ್ತದೆ, ನೆಲಕ್ಕೆ ಬಡಿದು ಸುತ್ತ ಹರಡುತ್ತದೆ, ಒಣ ಹೊಲದ ಮಣ್ಣನ್ನು ಎಬ್ಬಿಸಿಕೊಂಡು ಮಳೆಗಿಂತ ಮೊದಲೇ ನಿಮ್ಮ ಮನೆ ಮುಟ್ಟುತ್ತದೆ. ನೀವು ಧೂಳು ನೋಡುವ ಹೊತ್ತಿಗೆ ನಿಮ್ಮ ತಲೆ ಮೇಲೆ ಬೀಳುವ ಕಲ್ಲು ಆಗಲೇ ಹುಟ್ಟಿ ಆಗಿತ್ತು. ಅದನ್ನು ಶುರು ಮಾಡಿದ ಕಣ ಅದಕ್ಕೂ ಮೊದಲೇ ಗಾಳಿಯಲ್ಲಿ ತೇಲುತ್ತಿದ್ದದ್ದು. ನಿಮ್ಮ ಜಿಲ್ಲೆಯದ್ದೇ ಇರಬಹುದು, ಥಾರ್ ಮರುಭೂಮಿಯದ್ದೂ ಇರಬಹುದು, ಅರಬ್ಬೀ ಸಮುದ್ರದ ಆಚೆಯದ್ದೂ ಇರಬಹುದು. ಸಣ್ಣ ಧೂಳಿಗೆ ದೂರ ಲೆಕ್ಕವಿಲ್ಲ. ಚೀನಾದ ತಕ್ಲಮಕಾನ್ ಮರುಭೂಮಿಯ ಧೂಳು 13 ದಿನದಲ್ಲಿ ಭೂಮಿಯನ್ನು ಒಂದು ಸುತ್ತು ಹಾಕಿದ್ದನ್ನು ಗುರುತಿಸಿದ್ದಾರೆ.

ಲ್ಯಾಬ್‌ಹುಡುಗಿ
ಅದಕ್ಕೇ ನನಗೆ ಫ್ಲಾರಿಡಾದ ಕಥೆ ಇಷ್ಟ. 2002ರ ಜುಲೈ ಕೊನೆಯಲ್ಲಿ ಸಹಾರಾದ ಧೂಳು ಅಟ್ಲಾಂಟಿಕ್ ದಾಟಿ ಅಲ್ಲಿಗೆ ಬಂತು. ಅಲ್ಲಿ ಅಳೆಯುತ್ತಿದ್ದವರಿಗೆ ಮೈನಸ್ 5ರಿಂದ ಮೈನಸ್ 9ರ ಒಳಗೇ ಮೋಡ ಮಂಜುಗಡ್ಡೆಯಾಗಿರುವುದು ಕಂಡಿತು. ಅಷ್ಟು ಬೆಚ್ಚಗಿರುವ ಮೋಡ ಸಾಮಾನ್ಯವಾಗಿ ನೀರಾಗಿಯೇ ಇರುತ್ತದೆ. ನಮ್ಮಲ್ಲೂ ವಸಂತದಲ್ಲಿ ಸಹಾರಾ ಧೂಳು ಬಂದು ಕಾರಿನ ಮೇಲೆ ಹಳದಿ ಪದರ ಕೂರುತ್ತದೆ. ಅಂಥ ದಿನ ಎತ್ತರದಲ್ಲಿ ತೆಳು ಮಂಜುಗಡ್ಡೆಯ ಮೋಡ ಹಬ್ಬಿ ಸೌರವಿದ್ಯುತ್ ಲೆಕ್ಕ ತಪ್ಪುತ್ತದೆ. ಊರಲ್ಲಿ ಧೂಳು ಅಂದರೆ ಅಮ್ಮ ಬೆಳಿಗ್ಗೆ ಎದ್ದು ಗುಡಿಸುವ ಕಸ. ಇಲ್ಲಿ ನಾನು ಅದನ್ನೇ ತೂಕ ಮಾಡಿ ಡಬ್ಬಿಯಲ್ಲಿ ಇಟ್ಟುಕೊಂಡಿದ್ದೇನೆ.

ಧೂಳು ಜಾಸ್ತಿಯಾದರೆ ಆಲಿಕಲ್ಲು ಜಾಸ್ತಿನಾ ಅಂದರೆ, ನೇರ ಲೆಕ್ಕ ಇಲ್ಲ. ಕಲ್ಲು ದಪ್ಪವಾಗಲು ಬೇಕಾದದ್ದು ಮೇಲೇರುವ ಬಲವಾದ ಗಾಳಿ ಮತ್ತು ಹೆಪ್ಪುಗಟ್ಟದೆ ಉಳಿದ ನೀರು. ಶುರು ಮಾಡುವ ಕಣ ತೀರಾ ಜಾಸ್ತಿಯಾದರೆ ಇದ್ದ ನೀರನ್ನೇ ಎಲ್ಲರೂ ಹಂಚಿಕೊಂಡು ಕಲ್ಲು ಸಣ್ಣದಾಗಬಹುದು. ಸಣ್ಣ ಕಲ್ಲು ಬೀಳುವಾಗ ದಾರಿಯಲ್ಲೇ ಕರಗುತ್ತದೆ. ಆಲಿಕಲ್ಲು ತಡೆಯುತ್ತೇವೆ ಅಂತ ಕೆಲವು ದೇಶಗಳಲ್ಲಿ ಸಿಲ್ವರ್ ಅಯೋಡೈಡ್ ಹಾರಿಸುವುದು ಇದೇ ನಂಬಿಕೆಯಿಂದ.

ಮಲೆನಾಡ ಮಳೆ
ಅದರಿಂದ ಆಲಿಕಲ್ಲು ನಿಂತಿದೆ ಅಂತ ಗಟ್ಟಿ ಸಾಕ್ಷಿ ಎಲ್ಲಿದೆ? ರೈತರ ಹತ್ತಿರ ದುಡ್ಡು ಕೀಳುವವರಿಗೆ ದಾರಿ ತೋರಿಸಬೇಡಿ. ತೋಟಕ್ಕೆ ಬಲೆ ಕಟ್ಟುವುದೇ ವಾಸಿ.

ಲ್ಯಾಬ್‌ಹುಡುಗಿ
ನಂಬಿಕೆ ಅಂತ ಹೇಳಿದ್ದು ಅದಕ್ಕೇ. ಬಲೆಯೇ ವಾಸಿ, ಒಪ್ಪಿದೆ.

ದ್ರಾಕ್ಷಿತೋಟ
ಬಲೆಗೆ ಎಕರೆಗೆ ಆಗುವ ಖರ್ಚು ಕೇಳಿದರೆ ಎದೆ ಒಡೆಯುತ್ತದೆ. ವಿಮೆಯವರು ಹೋದ ಸಲ ಇಪ್ಪತ್ತು ಕಿಲೋಮೀಟರ್ ದೂರದ ಮಳೆಮಾಪಕ ನೋಡಿ ನಿಮ್ಮಲ್ಲಿ ಏನೂ ಆಗಿಲ್ಲ ಅಂದರು. ಆಲಿಕಲ್ಲು ಒಂದು ಊರಿಗೆ ಬಿದ್ದು ಪಕ್ಕದ ಊರಿಗೆ ಬೀಳುವುದಿಲ್ಲ, ಇದು ಮಕ್ಕಳಿಗೂ ಗೊತ್ತು.

ಹೈಸ್ಕೂಲ್ ಮೇಷ್ಟ್ರು
ಮನೆಯಲ್ಲೇ ಮಾಡಿ ತೋರಿಸಬಹುದಾದ ಪ್ರಯೋಗ ಏನಾದರೂ ಇದೆಯಾ? ನಮ್ಮ ಶಾಲೆಯಲ್ಲಿ ಫ್ರಿಡ್ಜ್ ಇದೆ, ಬೇರೆ ಏನೂ ಇಲ್ಲ.

ಕಲ್ಲುಬಂಡೆ
ನಾನು ಮಾಡಿದ್ದೇನೆ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಚಪ್ಪಟೆ ತಟ್ಟೆಗೆ ಅಂಟಿಸಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ. ಬ್ಯಾಟರಿಗೆ ಹಾಕುವ ಶುದ್ಧ ನೀರು ತನ್ನಿ. ಒಂದು ಲೋಟದಲ್ಲಿ ಅದನ್ನು ಹಾಗೇ ಇಡಿ. ಇನ್ನೊಂದರಲ್ಲಿ ಗುಲಾಬಿ ಗ್ರಾನೈಟ್ ಪುಡಿ ಒಂದು ಚಿಟಿಕೆ ಹಾಕಿ ಕದಡಿ. ಔಷಧಿ ಹಾಕುವ ಡ್ರಾಪರ್‌ನಿಂದ ಒಂದು ಕಡೆ ಇಪ್ಪತ್ತು ಹನಿ ಬರೀ ನೀರು, ಇನ್ನೊಂದು ಕಡೆ ಇಪ್ಪತ್ತು ಹನಿ ಕಲ್ಲಿನ ನೀರು. ಹನಿ ಎಷ್ಟು ಸಣ್ಣದೋ ಅಷ್ಟು ಒಳ್ಳೆಯದು. ಮೇಲೆ ಡಬ್ಬಿ ಮುಚ್ಚಿ ಫ್ರೀಜರ್‌ನಲ್ಲಿ ಇಡಿ, ಇಲ್ಲದಿದ್ದರೆ ಮೇಲಿನ ಐಸಿನ ಚೂರು ಬಿದ್ದು ಎಲ್ಲ ಕೆಡುತ್ತದೆ. ಹತ್ತು ಹದಿನೈದು ನಿಮಿಷಕ್ಕೆ ತೆಗೆದು ತಕ್ಷಣ ಎಣಿಸಿ. ಹೆಪ್ಪುಗಟ್ಟಿದ ಹನಿ ಬೆಳ್ಳಗೆ ಆಗಿ ತುದಿ ಚೂಪಾಗಿರುತ್ತದೆ. ಗಟ್ಟಿಯಾಗದ್ದು ಗಾಜಿನ ಮಣಿ ಹಾಗೆ ಹೊಳೆಯುತ್ತದೆ. ಗ್ರಾನೈಟ್ ಅರೆಯುವಾಗ ಧೂಳು ತಡೆಯುವ ಮಾಸ್ಕ್ ಹಾಕಿಕೊಳ್ಳಿ, ಆ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಕ್ಕಳ ಕೈಗೆ ಕೊಡಬೇಡಿ.

ದ್ರಾಕ್ಷಿತೋಟ
ವ್ಯಾಸಲೀನ್ ಬದಲು ಕೊಬ್ಬರಿ ಎಣ್ಣೆ ಆಗುತ್ತದಾ?

ಕಲ್ಲುಬಂಡೆ
ಬೇಡ. ಫ್ರೀಜರ್‌ನಲ್ಲಿ ಅದೇ ಹರಳುಗಟ್ಟುತ್ತದೆ, ನಿಮ್ಮ ಲೆಕ್ಕ ಕೆಡುತ್ತದೆ.

ದ್ರಾಕ್ಷಿತೋಟ | ಎರಡು ದಿನದ ನಂತರ
ಮಾಡಿದೆವು. ಗ್ರಾನೈಟ್ ಸಿಗಲಿಲ್ಲ, ಹಾಗಾಗಿ ಆ ಬಟ್ಟಲ ಕೆಸರನ್ನೇ ಬಳಸಿದೆವು, ಮಗಳು ಅದನ್ನು ಚೆಲ್ಲದೆ ಒಣಗಿಸಿ ಇಟ್ಟಿದ್ದಳು. ಹನ್ನೆರಡು ನಿಮಿಷಕ್ಕೆ ತೆಗೆದಾಗ ಕೆಸರಿನ ಹನಿ ಇಪ್ಪತ್ತಕ್ಕೆ ಹದಿನೇಳು ಬೆಳ್ಳಗಾಗಿದ್ದವು. ಬರೀ ನೀರಿನದು ಇಪ್ಪತ್ತಕ್ಕೆ ಎರಡು. ಹೊಳೆಯುತ್ತಿದ್ದ ಒಂದು ಹನಿಗೆ ಮಗಳು ಐಸಿನ ಚೂರು ಮುಟ್ಟಿಸಿದಳು, ಕಣ್ಣು ಮಿಟುಕಿಸುವುದರೊಳಗೆ ಬೆಳ್ಳಗಾಯಿತು. ನಮ್ಮಪ್ಪ ಕುರ್ಚಿ ಎಳೆದುಕೊಂಡು ಫ್ರಿಡ್ಜ್ ಮುಂದೆಯೇ ಕೂತಿದ್ದರು. ಮತ್ತೆ ಮಾಡು ಅಂದರು. ನಾಲ್ಕು ಸಲ ಮಾಡಿದೆವು.

ಈಗ ಮಗಳ ಹೊಸ ಪ್ರಶ್ನೆ: ಹೆಪ್ಪುಗಟ್ಟದೆ ಉಳಿದ ಆ ಮೂರು ಕೆಸರಿನ ಹನಿಗಳಲ್ಲಿ ಏನು ಇರಲಿಲ್ಲ?

ಲ್ಯಾಬ್‌ಹುಡುಗಿ
ಮಣ್ಣು ಇತ್ತು, ಸರಿಯಾದ ಬಿರುಕು ಇರಲಿಲ್ಲ. ಅದೇ ಹಾಳೆಯನ್ನು ಇನ್ನೂ ಹತ್ತು ನಿಮಿಷ ಒಳಗಿಟ್ಟು ನೋಡಲು ಹೇಳಿ.